ಧಣಿಯಿಲ್ಲದ ನೆಲ

"ಬಾಯಲ್ಲೇನು ಬೆಣಚುಕಲ್ಲು ಇಟ್ಟುಕೊಂಡಿದ್ದೀಯೇನೇ? ಆ ಮುದುಕ ಒದರಿದ್ದನ್ನ ಮನುಷ್ಯರ ಭಾಷೆಗೆ ತಂದು ಹೇಳು. ಅದಕ್ಕೇ ನಿನ್ನನ್ನ ಜೀಪಲ್ಲಿ ಕೂರಿಸಿಕೊಂಡು ಬಂದಿರೋದು."

ಕಾಯಿದ್ ಸಾಹೇಬ ಹೀಗೆ ಗದರಿದಾಗ ತೂಡಾ ಡೇರೆಯ ಬಾಗಿಲಲ್ಲಿ ತಲೆವಸ್ತ್ರದ ತುದಿ ಹಿಡಿದು ನಿಂತಿದ್ದಳು. ಆ ಗುಡ್ಡಗಾಡಿಗೆಲ್ಲ ಕಾಯಿದ್ ಅಂದರೆ ಸರ್ಕಾರ. ಪೊಲೀಸೂ ಅವನೇ, ಕಚೇರಿಯೂ ಅವನೇ. ತೂಡಾ ಅವನ ಕಚೇರಿಯ ಕಸ ಗುಡಿಸುವವಳು, ಅವನ ಮನೆಯ ಪಾತ್ರೆ ತಿಕ್ಕುವವಳು. ಇವತ್ತು ಪೊರಕೆಯ ಬದಲು ಅವಳ ನಾಲಿಗೆ ಬೇಕಾಗಿತ್ತು. ಕಾಯಿದ್ ಆಡುವುದು ಪೇಟೆಯ ಅರಬ್ಬಿ, ಗುಡ್ಡದ ಅಮಾಝಿಗ್ ಜನ ಆಡುವುದು ಗುಡ್ಡದ ಮಾತು, ಎರಡೂ ಬರುವವಳು ಇವಳೊಬ್ಬಳು ಅಗ್ಗಕ್ಕೆ ಸಿಕ್ಕಿದ್ದಳು.

ಅವಳು ಬಾಯಿ ತೆರೆಯದಿರುವುದಕ್ಕೆ ಕಾರಣವಿತ್ತು. ಕಲ್ಲಿನ ಗಡಿಯಾಚೆ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತ ಮೊಹಾ ಕಾಕಾ ಅಂದದ್ದು ಇಷ್ಟು: "ಅಗ್ದಾಲ್ ಮುಚ್ಚೇತಿ ಅಂತ ಹೇಳವಾ ಆ ಹಾಟ್ಯಾಗ. ಸುಗ್ಗಿ ಮುಗಿಯೂತನಕ ಒಂದ ಆಡಿನ ಮರಿ ಸೈತ ಒಳಗ ಕಾಲಿಡೂದಿಲ್ಲ. ಇಂವ ಜೀಪ ಹೊಡಕೊಂಡ ಬಂದ, ಡೇರೆ ಬಡದ, ಒಳಗ ಕುಂತಾನ. ಇಂವ್ನ ಅಪ್ಪಂದೇನ ಇದು?"

ತೂಡಾ ಕಾಯಿದ್ ಕಡೆ ತಿರುಗಿ, "ಬರ್ತಾರಂತೆ ಸಾಹೇಬ್ರೇ. ಕಾಲು ನೋವಂತೆ, ನಿಧಾನಕ್ಕೆ ಬರ್ತಾರಂತೆ" ಅಂದಳು.

ಹಿಮ ಕರಗಿದಾಗಿನಿಂದ ಸುಗ್ಗಿಯ ತನಕ ಅಗ್ದಾಲ್ ಅನ್ನುವ ಆ ಮೇಲಿನ ಹುಲ್ಲುಗಾವಲಿಗೆ ಯಾರೂ ಕಾಲಿಡುವುದಿಲ್ಲ. ಹುಲ್ಲು ಹೂಬಿಟ್ಟು, ಬೀಜ ಉದುರಿಸಿ, ಮುಂದಿನ ವರ್ಷಕ್ಕೆ ತನ್ನನ್ನು ತಾನೇ ಬಿತ್ತಿಕೊಳ್ಳಬೇಕು. ಆಮೇಲೆ ಒಂದು ದಿನ ಗೊತ್ತುಮಾಡಿ ಐತ್ ಉಝ್ರು ಊರಿನ ಕುರಿಗಳನ್ನೆಲ್ಲ ಒಟ್ಟಿಗೇ ಬಿಡುತ್ತಾರೆ. ಚಳಿಗಾಲ ದಾಟಿಸುವ ಕೊಬ್ಬು ಕುರಿಗಳಿಗೆ ಬರುವುದು ಅಲ್ಲಿಂದ. ಆ ಹುಲ್ಲು ಹೋದರೆ ಕುರಿ ಹೋಯಿತು, ಕುರಿ ಹೋದರೆ ಐತ್ ಉಝ್ರುವೇ ಹೋಯಿತು. ಈಗ ಜೀಪಿನ ಗಾಲಿ ಹರಿದ ಎರಡು ಸಾಲು ಗಡಿಯಿಂದ ಡೇರೆಯ ತನಕ ನೆಟ್ಟಗೆ ಬಿದ್ದಿದ್ದವು. ಊರವರು ಅದನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಕಾಯಿದ್‌ನ ಸಿಪಾಯಿ ಬಂದು ಬೆನ್ನಿಗೆ ಲಾಠಿ ತಿವಿದ ಮೇಲೆ ಬರಿಗಾಲಲ್ಲಿ, ತುದಿಬೆರಳಲ್ಲಿ ಹೆಜ್ಜೆಯಿಡುತ್ತ ಒಳಗೆ ಬಂದರು.

ಡೇರೆಯೊಳಗೆ ಜಮಖಾನ ಹಾಸಿತ್ತು. ಪುದೀನ ಚಹಾ ಕುದಿಯುತ್ತಿತ್ತು. ಹಿಂದುಗಡೆ ಒಂದು ಬಟ್ಟೆ ಕಟ್ಟಿ, ಅದರ ಮೇಲೆ 'ಮೂಲನಿವಾಸಿಗಳ ಸಾಂಸ್ಕೃತಿಕ ದೃಷ್ಟಿಕೋನ: ನೆಲ, ನುಡಿ, ದೈವ' ಎಂದು ಅರಬ್ಬಿಯಲ್ಲೂ ಫ್ರೆಂಚಿನಲ್ಲೂ ಬರೆಸಿದ್ದರು. ಕೆಳಗೆ ಒಂದು ಸಾಲು ಅಮಾಝಿಗ್ ಲಿಪಿಯೂ ಇತ್ತು. ಅದು ತಲೆಕೆಳಗಾಗಿ ಅಚ್ಚಾಗಿತ್ತು. ಬರೆಸಿದವರಿಗೂ ಗೊತ್ತಾಗಲಿಲ್ಲ, ಅದನ್ನು ಓದಲು ಯಾರೂ ಕಲಿಸದಿದ್ದ ಊರವರಿಗೂ ಗೊತ್ತಾಗಲಿಲ್ಲ.

ಕಾಯಿದ್ ಪಕ್ಕದಲ್ಲಿ ಕಂಪನಿಯ ಮನುಷ್ಯ ಕೂತಿದ್ದ. ರಾಜಧಾನಿಯವನು, ತೆಳ್ಳಗೆ, ನಯವಾಗಿ ಮಾತಾಡುವವನು. ತೊಡೆಯ ಮೇಲೆ ಒಂದು ಫಾರ್ಮು. ಅವನ ಕಂಪನಿಗೆ ಅಗ್ದಾಲಿನಲ್ಲಿ ಹೋಟೆಲು ಕಟ್ಟಬೇಕು, ಸುತ್ತ ತಂತಿ ಎಳೆಯಬೇಕು, ಹೊರದೇಶದ ದೊಡ್ಡವರನ್ನು ಬೇಟೆಗೆ ಕರೆತರಬೇಕು. ತೂಡಾಗೆ ಇದು ಗೊತ್ತಿತ್ತು. ಕಾಯಿದ್ ಮೇಜಿನ ಮೇಲಿದ್ದ ನಕ್ಷೆಯ ಧೂಳು ಒರೆಸಿದವಳೇ ಅವಳು. ತನ್ನದೇ ಊರಾದ ಐತ್ ಉಝ್ರುವಿಗೂ ಬಂದು ಹೇಳಿದ್ದಳು. ಆದರೆ ಊರ ಒಪ್ಪಿಗೆಯಿಲ್ಲದೆ ನೆಲ ಹೋಗುವುದಿಲ್ಲ, ಕೋರ್ಟಿದೆ ಅಂತ ಎಲ್ಲರಿಗೂ ಧೈರ್ಯವಿತ್ತು. ಇವತ್ತು ಹೋಗಿ ನಮ್ಮ ಮಾತು ನಾವು ಹೇಳಿ ಬರೋಣ ಅಂತಲೇ ಬಂದಿದ್ದರು.

"ಮೊದಲು ನುಡಿ," ಅಂದ ಕಂಪನಿಯವನು. "ಅವರ ಭಾಷೆಯ ಒಂದು ಸುಂದರವಾದ ಪದ ಹೇಳಲಿ. ಯಾವುದಾದರೂ ಸರಿ, ದಯವಿಟ್ಟು."

ತೂಡಾ ಕೇಳಿದಳು. ಮುಂದೆ ಕೂತಿದ್ದ ಇಝ್ಝಾ ಆಯಿ ತನ್ನ ಒಂದೇ ಕಣ್ಣಿಂದ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಇಝ್ಝಾ ಆಯಿ ಅಂದರೆ ಅಗ್ದಾಲಿನ ದೇವತೆ ಲಲ್ಲಾ ಇಮ್ಮಿಯ ಕಲ್ಲುಗಳಿಗೆ ಬೆಣ್ಣೆ ಹಚ್ಚುವ ಮುದುಕಿ. ಎಂಬತ್ತು ದಾಟಿದ್ದರೂ ಬಾಯಿಗೆ ಮಾತ್ರ ವಯಸ್ಸಾಗಿರಲಿಲ್ಲ.

"ಚಂದನ್ನ ಪದಾನ? ಇಂವ್ನ ಮುಕಳಿಗೆ ನಮ್ಮ ಮಾತಿನ್ಯಾಗ ಏಳ ಪದಾ ಅದಾವು. ಒಂದಕ್ಕಿಂತ ಒಂದ ಚಂದ. ಬರಕೋತಾನೇನ ಕೇಳ."

ಹಿಂದೆ ಕೂತವರು ಗೊಳ್ಳೆಂದು ನಕ್ಕರು. "ತಾಯಿ ಅನ್ನೋ ಪದ ಸುಂದರ ಅಂತಾರೆ" ಅಂದಳು ತೂಡಾ. ಕಂಪನಿಯವನು ಖುಷಿಯಿಂದ ಬರೆದುಕೊಂಡ.

"ಯಾಕೆ ನಗ್ತಿದ್ದಾರೆ?" ಕಾಯಿದ್ ಹುಬ್ಬು ಗಂಟಿಕ್ಕಿದ.

"ಸಂತೋಷಕ್ಕೆ, ಸಾಹೇಬ್ರೇ. ಇಷ್ಟು ದಿನ ಯಾರೂ ಅವರನ್ನ ಏನೂ ಕೇಳಿರಲಿಲ್ಲ."

ಹೀಗೆ ಮಾತು ತಿರುಚುವುದು ಅವಳಿಗೆ ಸಲೀಸು. ಎಂಟು ವರ್ಷದವಳಿದ್ದಾಗ ಮೆಕ್ನೆಸ್ ಪೇಟೆಯ ಒಂದು ದೊಡ್ಡ ಮನೆಗೆ ಕಸಮುಸುರೆಗೆ ಬಿಟ್ಟುಬಂದಿದ್ದರು. ಗುಡ್ಡದ ಮಾತು ಬಾಯಿಂದ ಬಂದಾಗಲೆಲ್ಲ ಆ ಮನೆಯ ಯಜಮಾನಿ ಅವಳ ನಾಲಿಗೆಗೆ ಮೆಣಸಿನ ಪುಡಿ ಒರೆಸುತ್ತಿದ್ದಳು. ಒಂದೇ ಚಳಿಗಾಲದಲ್ಲಿ ಅರಬ್ಬಿ ಬಂತು. ಜೊತೆಗೆ, ದೊಡ್ಡವರ ಕಿವಿಗೆ ಏನು ಹಾಕಬೇಕು, ಏನು ಹಾಕಬಾರದು ಅನ್ನುವುದೂ ಬಂತು. ಅದರಿಂದಲೇ ಬದುಕಿದಳು. ಗಂಡ ಸತ್ತ ಮೇಲೆ ಇಬ್ಬರು ಹೆಣ್ಣುಮಕ್ಕಳ ಹೊಟ್ಟೆ ತುಂಬಿದ್ದೂ ಅದರಿಂದಲೇ.

"ಇನ್ನು ದೈವ," ಅಂದ ಕಂಪನಿಯವನು.

ಈಗ ಇಝ್ಝಾ ಆಯಿ ನಗಲಿಲ್ಲ. ಡೇರೆಯ ಹೊರಗೆ ಕೈ ತೋರಿಸಿದಳು. ಕಾಯಿದ್ ಊಟಕ್ಕೆಂದು ಕೊಯ್ದ ಕುರಿಯ ಚರ್ಮವನ್ನು ಅವನ ಆಳುಗಳು ಲಲ್ಲಾ ಇಮ್ಮಿಯ ಕಲ್ಲಿನ ಮೇಲೆಯೇ ಒಣಗಲು ಹರವಿದ್ದರು.

"ಲಲ್ಲಾ ಇಮ್ಮಿ ಅಲ್ಲಿ ಕುಂತಾಳ. ಈ ಹುಲ್ಲಿನ ಬಾಗಲಾ ಹಾಕಾಕಿ ಆಕಿ, ತಗ್ಯಾಕಿ ಆಕಿ. ನಾ ಆಕೀನ ಕೇಳತೀನಿ, ಆಕಿ ನನಗ ಹೇಳತಾಳ, ನಾ ಊರಿಗೆ ಹೇಳತೀನಿ. ಆಕಿ ಮೈಮ್ಯಾಲ ರಗತದ ತೊಗಲ ಹಾಕೀರಲ್ಲೋ, ನಿಮ್ಮ ಕೈ ಸೇದಿ ಹೋಗಲಿ. ಮೊದಲ ಅದನ್ನ ತಗಸ ಅನ್ನವಾ."

"ಅದು ಪೂಜ್ಯ ಜಾಗ ಅಂತಾರೆ. ಆ ಚರ್ಮ ಸ್ವಲ್ಪ ಪಕ್ಕಕ್ಕೆ ಹಾಕಬಹುದಾ ಅಂತ ಕೇಳ್ತಾರೆ, ಸಾಹೇಬ್ರೇ."

"ಕಲ್ಲಿಗೆ ಬೆಣ್ಣೆ ಬಳಿಯೋ ಕತ್ತೆಗಳು," ಅಂದ ಕಾಯಿದ್. "ನಮಾಜಿಗೆ ನಾಲ್ಕು ಸಾಲು ನೆಟ್ಟಗೆ ಹೇಳೋಕೆ ಬರಲ್ಲ, ಇವರಿಗೊಂದು ದೈವ. ಒಣಗಲಿ ಬಿಡು, ಕಲ್ಲೇನು ಬೇಡ ಅನ್ನುತ್ತಾ?"

ಕಂಪನಿಯವನು ಮೆಲ್ಲಗೆ ಕೆಮ್ಮಿದ. "ಆ ಕಲ್ಲುಗಳನ್ನ ಬೇರೆ ಕಡೆ ಇಡಬಹುದಾ, ಕೇಳಿ. ನಾವೇ ಗೌರವದಿಂದ ಸಾಗಿಸಿ ಕೊಡ್ತೀವಿ."

ತೂಡಾ ಕೇಳಿದಳು. ಇಝ್ಝಾ ಆಯಿ ಎದ್ದು ನಿಂತಳು. "ನಿಮ್ಮವ್ವನ ಗೋರಿ ಎಬ್ಬಿಸಿ ಬ್ಯಾರೆ ಕಡೆ ಇಡತೀಯೇನ ಭಾಡ್ಯಾ ಅಂತ ಕೇಳ."

"ಕಷ್ಟ ಆಗುತ್ತೆ ಅಂತಾರೆ."

ಅವನು ಬರೆಯುತ್ತ ಗಟ್ಟಿಯಾಗಿ ಓದಿದ: "ಸ್ಥಳಾಂತರ ಕಷ್ಟವಾದರೂ ಸಾಧ್ಯ." ತೂಡಾಗೆ ಆಯಿಯ ಬೈಗುಳವನ್ನು ಇದ್ದಂತೆಯೇ ಹೇಳಿಬಿಡಬೇಕಾಗಿತ್ತು ಅನ್ನಿಸಿತು. ಇನ್ನು ಮುಂದೆ ಒಂದಕ್ಷರವನ್ನೂ ತಿರುಚುವುದಿಲ್ಲ, ಊರವರು ಏನಂತಾರೋ ಅದನ್ನೇ ಅನ್ನುತ್ತೇನೆ ಎಂದು ಗಟ್ಟಿಮನಸ್ಸು ಮಾಡಿದಳು.

"ಕೊನೆಯದು ನೆಲ," ಅಂದ ಕಂಪನಿಯವನು. "ಈ ಜಾಗಕ್ಕೆ ಮಾಲೀಕರು ಯಾರು?"

ತೂಡಾ ಅದನ್ನೇ ಗುಡ್ಡದ ಮಾತಲ್ಲಿ ಕೇಳಿದಳು. ಮೊಹಾ ಕಾಕಾನೇ ಮಾತಾಡಬೇಕಾಗಿತ್ತು. ಅಗ್ದಾಲ್ ಕಾಯುವ ಹೊಣೆ ಆ ವರ್ಷ ಅವನದು. ಅವನು ಮಂಡಿಯ ಮೇಲೆ ಕೈಯಿಟ್ಟು, ಅವಸರ ಮಾಡದೆ, ಊರ ಕಟ್ಟೆಯಲ್ಲಿ ನ್ಯಾಯ ಹೇಳುವವನ ದನಿಯಲ್ಲಿ ಹೇಳಿದ.

"ಧಣಿ ಅಂತ ಯಾರೂ ಇಲ್ಲ ಈ ನೆಲಕ್ಕ. ಕುರಿಗೆ ಧಣಿ ಇರತಾನ, ಮನಿಗೆ ಧಣಿ ಇರತಾನ. ನೆಲಕ್ಕ ಎಲ್ಲಿ ಧಣಿ? ನಾ ಇದರ ಧಣಿ ಅಂದರ ನನ್ನ ಬಾಯಿಗೆ ಹುಳಾ ಬೀಳತಾವ. ನಮ್ಮ ಅಜ್ಜ ಮುತ್ತಜ್ಜಗೋಳು ಇದರೊಳಗ ಮಲಗ್ಯಾರ. ಹುಟ್ಟೂ ಕೂಸುಗೋಳು ಇದನ್ನ ನೋಡಬೇಕು. ನಾವು ನಡುವ ನಾಕ ದಿನಾ ಕಾಯಾಕ ಬಂದಾವರು. ನಾವು ಈ ನೆಲದ ಮಂದಿ. ನಮ್ಮೂರ ಹೆಸರಿನ್ಯಾಗಿನ ಐತ್ ಅಂದ್ರ ಅದ."

ತೂಡಾಗೆ ಮೈ ಜುಮ್ಮೆಂದಿತು. ಅವಳ ಅಪ್ಪನೂ ಹೀಗೇ ಹೇಳುತ್ತಿದ್ದ. ಅವಳು ತಲೆಯೆತ್ತಿ, ಕಾಯಿದ್ ಮುಖ ನೋಡುತ್ತ, ಹೆಮ್ಮೆಯಿಂದ, ಒಂದೊಂದೇ ಮಾತು ಎತ್ತಿಟ್ಟು ಅರಬ್ಬಿಗೆ ತಂದಳು. "ಈ ಭೂಮಿಗೆ ಮಾಲೀಕರು ಯಾರೂ ಇಲ್ಲ. ನಾವು ಮಾಲೀಕರು ಅಂದರೆ ಬಾಯಿಗೆ ಹುಳ ಬೀಳುತ್ತೆ."

ಮುಂದಿನದನ್ನು ಹೇಳಲು ಬಾಯಿ ತೆರೆದಿದ್ದಳು. ಕಂಪನಿಯವನ ಪೆನ್ನು ನಿಂತಿತು. ಅವನು ಕಾಯಿದ್ ಮುಖ ನೋಡಿದ. ಕಾಯಿದ್ ಅವನ ಮುಖ ನೋಡಿದ. ಬೆಳಗ್ಗೆಯಿಂದ ಮೊದಲ ಸಲ ಕಾಯಿದ್ ನಕ್ಕ.

"ಅವರ ಬಾಯಿಂದಲೇ ಬಂತಲ್ರೀ."

"ಬರ್ಕೊಂಡೆ," ಅಂದ ಕಂಪನಿಯವನು. " ಮಾಲೀಕರಿಲ್ಲದ ಭೂಮಿ ಅಂದರೆ ನೇರ ಸರ್ಕಾರದ್ದು. ಕೋರ್ಟು ಗೀರ್ಟು ಏನೂ ಬೇಡ. ಹೆಬ್ಬೆಟ್ಟು ಒತ್ತಿಸಿಬಿಟ್ಟರೆ ನಾಡಿದ್ದು ತಂತಿ ಎಳೆಯೋದೇ."

ಪೊರಕೆಯ ಎದುರಿಗೆ ಯಾರೂ ದನಿ ತಗ್ಗಿಸುವುದಿಲ್ಲ. ಅವರೂ ತಗ್ಗಿಸಲಿಲ್ಲ. ತೂಡಾ ಎಲ್ಲ ಕೇಳಿದಳು. ದಿನವಿಡೀ ಸುಳ್ಳು ಹೇಳಿ ಊರನ್ನು ಕಾಪಾಡಿದ್ದಳು. ನಿಜ ಹೇಳಿದ್ದು ಒಂದೇ ಸಲ.

"ಸಾಹೇಬ್ರೇ, ನಾನು ತಪ್ಪು ಹೇಳಿದೆ. ಅವರು ಹೇಳಿದ್ದು ಹಾಗಲ್ಲ. ಅವರು ಈ ನೆಲದ ಮಂದಿ. ನೆಲಕ್ಕೆ ಸೇರಿದವರು. ಅವರನ್ನ ಬಿಟ್ಟು ಇದು ಯಾರಿಗೂ..."

"ತಪ್ಪೇನಿಲ್ಲಮ್ಮ, ಸರಿಯಾಗೇ ಹೇಳಿದ್ದೀರಿ," ಅಂದ ಕಂಪನಿಯವನು, ನಯವಾಗಿಯೇ. "ನೀವು ಈಗ ಹೇಳ್ತಿರೋದು ತುಂಬ ಚೆನ್ನಾಗಿದೆ, ಕಾವ್ಯದ ಹಾಗಿದೆ. ಅದನ್ನ ಸಂಸ್ಕೃತಿ ಕಾಲಮ್ಮಿನಲ್ಲಿ ಹಾಕ್ತೀನಿ. ಮಾಲೀಕತ್ವದ ಕಾಲಮ್ಮು ಬೇರೆ."

ಕಾಯಿದ್ ಮಸಿಯ ಡಬ್ಬಿ ಮುಂದೆ ತಳ್ಳಿದ. "ಈ ಅಗ್ದಾಲ್ ನಿಮ್ಮದೇ ಅಂತ ಕಾಗದದಲ್ಲಿ ಬರೆದಿದೆ, ಹೆಬ್ಬೆಟ್ಟು ಒತ್ತಿ ಅಂತ ಹೇಳು. ಮೊದಲು ಮೊಹಾ, ಆಮೇಲೆ ಮುದುಕಿ. ಕೊನೆಯಲ್ಲಿ ನೀನು, ತರ್ಜುಮೆ ಸರಿಯಿದೆ ಅಂತ. ಮೂರು ಹೆಬ್ಬೆಟ್ಟು ಸಾಕು. ಚೆನ್ನಾಗಿ ಹೇಳು, ನಿನ್ನ ದೊಡ್ಡ ಮಗಳಿಗೂ ಕಚೇರಿಯಲ್ಲಿ ಕೆಲಸ ಕೊಡಿಸ್ತೀನಿ. ಎಡವಟ್ಟು ಮಾಡಿದೆಯೋ, ನಾಳೆಯಿಂದ ಈ ಸೀಮೆಯಲ್ಲಿ ನಿನಗೆ ಯಾರೂ ಕಸ ಗುಡಿಸೋಕೂ ಕರೆಯೋದಿಲ್ಲ."

ತೂಡಾ ಊರವರ ಕಡೆ ತಿರುಗಿದಳು. ಮಕ್ಕಳ ಮುಖ ಕಣ್ಣೆದುರಿಗೆ ಬಂತು. ಆಮೇಲೆ ಬಾಯಿ ತೆರೆದಳು.

"ಯಾರೂ ಹೆಬ್ಬೆಟ್ಟ ಒತ್ತಬ್ಯಾಡ್ರಿ. ಕಾಕಾ ಧಣಿ ಇಲ್ಲ ಅಂದದ್ದನ್ನ ನಾ ಅರಬ್ಬಿಯೊಳಗ ಹೇಳೀನಿ. ಧಣಿ ಇಲ್ಲದ್ದು ಸರಕಾರದ್ದಂತ. ಅಷ್ಟ ಬರಕೊಂಡಾರ, ಉಳದದ್ದ ಬಿಟ್ಟಾರ. ನಾಡದ ತಂತಿ ಎಳೀತಾರಂತ. ನನ್ನ ಬಾಯಿಲೇ ನಿಮ್ಮನ್ನ ಮುಳಗಿಸೀನಿ."

ಇಝ್ಝಾ ಆಯಿ ಎರಡು ಹೆಜ್ಜೆ ಮುಂದೆ ಬಂದು ಅವಳ ಕೆನ್ನೆಗೆ ಬಾರಿಸಿದಳು. "ರಂಡೆ, ದಿನಾ ಅವರ ಎಂಜಲ ತಿಂದ ನಿನ್ನ ನಾಲಗಿ ಅವರದ ಆಗೇತಿ."

"ಆಕೀನ್ಯಾಕ ಹೊಡೀತಿ?" ಮೊಹಾ ಕಾಕಾ ಕೂತಲ್ಲಿಂದಲೇ ಅಂದ. "ಆಕಿ ನಾ ಅಂದದ್ದ ಅಂದಾಳ. ಅದನ್ನ ಹಿಡಿಯೂವಷ್ಟ ದೊಡ್ಡ ಕಿವಿ ಅವರಿಗಿಲ್ಲ."

"ಏನೇ ಅಂದೆ ಅವರಿಗೆ?" ಕಾಯಿದ್ ಎದ್ದ. "ಯಾಕೆ ಯಾರೂ ಮುಂದೆ ಬರ್ತಿಲ್ಲ?"

ಕೆನ್ನೆ ಉರಿಯುತ್ತಿತ್ತು. ತೂಡಾ ಅವನನ್ನೇ ನೋಡಿದಳು. ಆಮೇಲೆ ಮೊಹಾ ಕಾಕಾನ ಕಡೆ ತಿರುಗಿ ಗುಡ್ಡದ ಮಾತಲ್ಲಿ ಕೇಳಿದಳು, "ಕಾಕಾ, ಇಂವ ಏನಂತಾನ? ನನಗ ತಿಳೀವಲ್ದು."

ಮೊಹಾ ಕಾಕಾನ ಗಡ್ಡ ಸ್ವಲ್ಪ ಅಲುಗಿತು. "ಯಾರಿಗ ಗೊತ್ತವಾ. ಏನೋ ಬಡಬಡಸಾಕತ್ತಾನ."

"ಅರಬ್ಬಿಯಲ್ಲಿ ಹೇಳೇ."

"ಏನಂತಾನ ಕಾಕಾ?"

ಕಾಯಿದ್ ಅವಳ ಕೂದಲಿಗೆ ಕೈ ಹಾಕಿದ. ತಲೆವಸ್ತ್ರ ಕಳಚಿ ಬಿತ್ತು. ಮೂವತ್ತು ವರ್ಷ ಅವಳ ಬಾಯಲ್ಲಿದ್ದ ಅರಬ್ಬಿ, 'ಹೌದು ಸಾಹೇಬ್ರೇ', 'ಬಂದೆ ಸಾಹೇಬ್ರೇ', 'ತಪ್ಪಾಯಿತು ಸಾಹೇಬ್ರೇ', ಒಂದೂ ಹೊರಗೆ ಬರಲಿಲ್ಲ. ಅವಳು ತಡೆದು ಹಿಡಿದಿರಲಿಲ್ಲ. ನಿಜವಾಗಿಯೂ ಅಲ್ಲಿ ಏನೂ ಇರಲಿಲ್ಲ. ಹಗುರವೆನಿಸಿತು, ಹೆದರಿಕೆಯೂ ಆಯಿತು.

"ಸಿಪಾಯಿ, ಹಿಡಿ ಇವಳ ಕೈ. ಮೊದಲು ಇವಳದೇ ಒತ್ತಿಸು."

ಸಿಪಾಯಿ ಪಕ್ಕದ ಕಣಿವೆಯವನು, ನಡುವಯಸ್ಸಿನವನು. ಅವಳ ಮಣಿಕಟ್ಟು ಹಿಡಿದ. ತೂಡಾ ಹೆಬ್ಬೆರಳನ್ನು ಒಳಗೆ ಹಾಕಿ ಮುಷ್ಟಿ ಬಿಗಿದಿದ್ದಳು. ಅವನು ಕಿರುಬೆರಳು ಬಿಡಿಸಿದ. ಅದರ ಪಕ್ಕದ್ದು ಬಿಡಿಸಿದ. "ಬಿಡ ಯಕ್ಕಾ," ಅಂತ ಗುಡ್ಡದ ಮಾತಲ್ಲಿ, ಯಾರಿಗೂ ಕೇಳದ ಹಾಗೆ, ಬೇಡಿಕೊಂಡ. "ನನ್ನ ಮಕ್ಕಳದಾವ."

"ನನಗೂ ಅದಾವ," ಅಂದಳು.

ಕಾಯಿದ್ ಬಾಗಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದ. "ಕೊನೇ ಸಲ ಕೇಳ್ತಿದ್ದೀನಿ. ಒತ್ತುತ್ತೀಯೋ, ಇಲ್ಲವೋ?"

"ಊಹೂ," ಅಂದಳು ತೂಡಾ.

ಗುಡ್ಡದ ಮಾತಿನಲ್ಲಿ ಇಲ್ಲ ಅನ್ನುವುದಕ್ಕೆ ಅಷ್ಟೇ. ಮೊಹಾ ಕಾಕಾನೂ ಅಂದ, ಊಹೂ. ಇಝ್ಝಾ ಆಯಿ ಅಂದಳು, ಇನ್ನೂ ಗಟ್ಟಿಯಾಗಿ. ಆಮೇಲೆ ಹಿಂದೆ ಕೂತವರು ಒಬ್ಬೊಬ್ಬರಾಗಿ, ಬಾಗಿಲಲ್ಲಿ ನಿಂತವರು, ಚಹಾ ಕಾಸುತ್ತಿದ್ದ ಹೆಂಗಸು. ಕಂಪನಿಯವನು ಫಾರ್ಮು ಎದೆಗವಚಿಕೊಂಡು, "ಏನದು, ಏನು ಹೇಳ್ತಿದ್ದಾರೆ?" ಅಂತ ಕೇಳಿದ. ಆ ಗುಡ್ಡದಲ್ಲಿ ಹನ್ನೊಂದು ವರ್ಷ ಕಳೆದಿದ್ದ ಕಾಯಿದ್‌ಗೆ ಅಲ್ಲಿನ ಮಾತಿನಲ್ಲಿ ಅರ್ಥವಾಗುತ್ತಿದ್ದದ್ದು ಅದೊಂದೇ.

"ಬಿಡಿಸೋ," ಅಂತ ಸಿಪಾಯಿಗೆ ಅರಚಿದ.

ಸಿಪಾಯಿಯ ಕೈ ಮೂರನೇ ಬೆರಳಿನ ಮೇಲಿತ್ತು. ಹೆಬ್ಬೆರಳು ಇನ್ನೂ ಒಳಗೇ ಇತ್ತು.