ನಾಲ್ಕನೆಯ ಮೊಳೆ

ನಾವು ಅರವತ್ತೆರಡು ಲಿಫ್ಟುಗಳನ್ನು ನೋಡಿಕೊಳ್ಳುತ್ತೇವೆ. ಅವುಗಳಲ್ಲಿ ಯಾರಾದರೂ ಸಿಕ್ಕಿಕೊಂಡು ಗುಂಡಿ ಒತ್ತಿದರೆ ಗಂಟೆ ಹೊಡೆಯುವುದು ನಮ್ಮ ಅಂಗಡಿಯಲ್ಲಿ, ಅತ್ತಿಗೆಯ ಮೇಜಿನ ಮೇಲೆ. ಗುಂಡಿಯಿಂದ ಮೇಜಿಗೆ ಬರುವ ದಾರಿಯಲ್ಲಿ ಒಂದು ಸರ್ವರ್ ಇದೆ. ಅದು ಅಂಗಡಿಯಲ್ಲಿಲ್ಲ, ಒಂದು ಕ್ಲೌಡ್ ಕಂಪನಿಯಲ್ಲಿ ಬಾಡಿಗೆಗೆ ಹಿಡಿದದ್ದು. ಕಣ್ಣಿಗೆ ಕಾಣದ, ಸ್ಪ್ಯಾನರ್ ಹಾಕಿ ತಿರುಗಿಸಲಾಗದ ಯಂತ್ರವನ್ನು ನಂಬುವುದು ನನಗೆ ಇವತ್ತಿಗೂ ಕಷ್ಟ.

ಆ ಕಂಪನಿ ಮೂರು ತಿಂಗಳ ಮೊದಲೇ ತಿಳಿಸಿತ್ತು. ನಿಮ್ಮದು ಹಳೆಯ ಮಾದರಿ, ಇಂಥ ದಿನ ಸಂಜೆ ಐದಕ್ಕೆ ನಿಲ್ಲಿಸುತ್ತೇವೆ, ಅಷ್ಟರೊಳಗೆ ಹೊಸದು ಮಾಡಿಕೊಳ್ಳಿ ಎಂದು. ಇಂಥ ಕೆಲಸವೆಲ್ಲ ಮೊದಲು ಅಣ್ಣನದಾಗಿತ್ತು. ಅವನು ತೀರಿಕೊಂಡು ಒಂದೂವರೆ ವರ್ಷವಾಯಿತು. ಅತ್ತಿಗೆ ಅವನ ಕುರ್ಚಿಯಲ್ಲಿ ಕೂತು, ಅವನು ಬರೆದಿಟ್ಟ ನೋಟ್‌ಬುಕ್ ಓದಿ, ಹತ್ತು ಸಲ ಕೆಡಿಸಿ ಹನ್ನೊಂದನೆಯ ಸಲ ಸರಿಮಾಡಿ ಎಲ್ಲ ಕಲಿತರು. ಹೊಸ ಸರ್ವರನ್ನು ನಾನೇ ಎಬ್ಬಿಸುತ್ತೇನೆ ಎಂದರು. "ಓಡ್ತಿರೋ ಯಂತ್ರ ಮುಟ್ಟಬೇಡಿ, ಕೊನೇ ದಿನ ನೋಡೋಣ" ಎಂದವನು ನಾನು. "ಆಗಲಿಲ್ಲ ಅಂದ್ರೆ ಗಂಟೆ ಕೆಲಸಾನೇ ಹೊರಗಿನವರಿಗೆ ಕೊಟ್ಟುಬಿಡ್ತೀನಿ" ಎಂದವನೂ ನಾನೇ. ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

ಕೊನೆಯ ದಿನ ಮಧ್ಯಾಹ್ನ ಎರಡಕ್ಕೆ ಅತ್ತಿಗೆ ಎಲ್ಲ ಸಿದ್ಧ ಮಾಡಿಕೊಂಡು ಹೊಸ ಸರ್ವರ್ ಮಾಡುವ ಗುಂಡಿ ಒತ್ತಿದರು. ಪರದೆಯ ಮೇಲೆ ಕೆಂಪು ಅಕ್ಷರ ಬಂತು. ನಿಯಮವೊಂದು ತಡೆದಿದೆ, ಮಾಡಲಾಗದು.

"ಯಾವ ನಿಯಮ?" ಎಂದೆ.

"ಹೇಳ್ತಾ ಇಲ್ಲ. ಉದ್ದಕ್ಕೆ ಒಂದು ನಂಬರ್ ಕೊಟ್ಟಿದೆ."

"ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅನ್ನೋದು ಇದಕ್ಕೇ."

ಅತ್ತಿಗೆ ಚಿಕ್ಕ ಅಳತೆಯ ಸರ್ವರ್ ಕೇಳಿ ನೋಡಿದರು. ಕೆಂಪು. ಬೇರೆ ಊರಿನಲ್ಲಿರುವ ಯಂತ್ರ ಕೇಳಿದರು. ಕೆಂಪು. ಇಪ್ಪತ್ತು ವರ್ಷದಿಂದ ನಮ್ಮಲ್ಲಿರುವ ಮೆಕ್ಯಾನಿಕ್, ಗ್ರೀಸು ಎಂದೇ ಎಲ್ಲರೂ ಕರೆಯುವವನು, ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದ.

"ಒಂದ್ಸಲ ಆರಿಸಿ ಹಾಕಿ ನೋಡಿದ್ರಾ ಅತ್ತಿಗೆ?"

"ಇದೇನು ಟ್ಯೂಬ್‌ಲೈಟಾ?" ಎಂದು ನಾನು ರೇಗಿದೆ. ಅತ್ತಿಗೆ ಖಾತೆಯಿಂದ ಹೊರಗೆ ಬಂದು, ಪಾಸ್‌ವರ್ಡ್ ಹಾಕಿ ಮತ್ತೆ ಒಳಗೆ ಹೋಗಿ ನೋಡಿದರು. ಕೆಂಪು.

ಮೂರೂವರೆಗೆ ನಾನು ಕಂಪನಿಗೆ ಫೋನ್ ಹಚ್ಚಿದೆ. ಆ ಕಡೆಯವನು ನಂಬರ್ ಕೇಳಿ, "ಸರ್, ನಾವು ತಡೆದಿಲ್ಲ. ನಿಮ್ಮ ಖಾತೆಯಲ್ಲೇ ಯಾರೋ ನಿಯಮ ಹಾಕಿದ್ದಾರೆ" ಎಂದ. ನಮ್ಮಲ್ಲಿ ಅಂಥ ಕತ್ತೆ ಯಾರೂ ಇಲ್ಲ ಎಂದು ನಾನು ಕೂಗಿದೆ. ಅತ್ತಿಗೆ ನನ್ನ ಕೈಯಿಂದ ಫೋನ್ ತೆಗೆದುಕೊಂಡರು.

"ಇವನಿಗೆ ಸಿಟ್ಟು ಮೂಗಿನ ತುದೀಲಿ, ಬೇಜಾರು ಮಾಡ್ಕೋಬೇಡಿ. ಆ ನಿಯಮ ಯಾರು ಹಾಕಿದ್ದು ಅಂತ ಎಲ್ಲಿ ನೋಡ್ಬೇಕು, ಅದೊಂದು ಹೇಳಿ."

ಅವನು ಹೇಳಿದಂತೆ ಒಂದೊಂದೇ ಪುಟ ತೆರೆದು ಹೋದರು. ಕೊನೆಗೆ ನಿಯಮ ಸಿಕ್ಕಿತು. ಹೊಸದಾಗಿ ಏನು ಮಾಡಿದರೂ ಅದು ಯಾರದು ಎಂದು ಬರೆದಿರಬೇಕು, ಬರೆದ ಹೆಸರು ಪಟ್ಟಿಯಲ್ಲಿರಬೇಕು. ಪಟ್ಟಿಯಲ್ಲಿ ಮೂರು ಹೆಸರು: ದೊಡ್ಡವರು ಎಂದರೆ ಅಣ್ಣ, ಚಿಕ್ಕವರು ಎಂದರೆ ನಾನು, ಮತ್ತೆ ಗ್ರೀಸು. ಅದರ ಕೆಳಗೆ, ಹಾಕಿದವರು ಯಾರು ಎಂಬಲ್ಲಿ ಇದ್ದದ್ದು ನನ್ನ ಹೆಸರು. ಮೂರು ವರ್ಷದ ಹಿಂದಿನ ತಾರೀಕು.

"ಕತ್ತೆ ಸಿಕ್ತು" ಎಂದ ಗ್ರೀಸು.

ನೆನಪಾಯಿತು. ನಮ್ಮ ಅಂಗಡಿಯ ಗೋಡೆಗೆ ಒಂದು ಹಲಗೆ ಹೊಡೆದಿದೆ. ಅದರಲ್ಲಿ ಮೂರು ಮೊಳೆ, ಮೊಳೆಯ ಮೇಲೆ ಇವೇ ಮೂರು ಹೆಸರು. ಸಂಜೆ ಅವರವರ ಸಾಮಾನು ಅವರವರ ಮೊಳೆಗೆ. ಮೊಳೆ ಇಲ್ಲದ ಸಾಮಾನು ಗುಜರಿಗೆ ಎಂಬುದು ನಾನು ಮಾಡಿದ ಕಟ್ಟಳೆ. ಮೂರು ವರ್ಷದ ಹಿಂದೆ ಗ್ರೀಸು ಕಲಿಯುತ್ತೇನೆಂದು ನಾಲ್ಕು ಸರ್ವರ್ ಮಾಡಿ ಮರೆತುಬಿಟ್ಟಿದ್ದ. ಅವು ಯಾರವೆಂದು ಯಾರಿಗೂ ಗೊತ್ತಿಲ್ಲದೆ ಬಾಡಿಗೆ ಕಟ್ಟುತ್ತಿದ್ದೆವು. ನಾನು ಅಂಗಡಿ ಹಾರಿಹೋಗುವಂತೆ ಕೂಗಾಡಿ, ಗೋಡೆಗಿರುವ ಕಟ್ಟಳೆಯನ್ನು ಸರ್ವರುಗಳಿಗೂ ಹಾಕು ಎಂದು ಅಣ್ಣನಿಗೆ ಹೇಳಿದ್ದೆ. ಅಣ್ಣ ನನ್ನ ಪಾಸ್‌ವರ್ಡ್ ಕೇಳಿ ಪಡೆದು, "ನಿನ್ನ ಹೆಸರಲ್ಲೇ ಹಾಕ್ತೀನಿ ಕಣೋ. ಮುಂದೆ ಬಯ್ಯೋಕೆ ನಿನಗೆ ಒಬ್ಬ ಬೇಕಾಗ್ತಾನೆ" ಎಂದು ನಕ್ಕಿದ್ದ. ಆಮೇಲೆ ನಾವು ಹೊಸದೇನೂ ಮಾಡಲಿಲ್ಲ. ಇದ್ದದ್ದನ್ನು ನಿಯಮ ಮುಟ್ಟಲಿಲ್ಲ. ಅದಕ್ಕೇ ಇಷ್ಟು ದಿನ ಗೊತ್ತಾಗಲಿಲ್ಲ.

ಅತ್ತಿಗೆ 'ಯಾರದು' ಎಂಬಲ್ಲಿ 'ಅತ್ತಿಗೆ' ಎಂದು ಬರೆದಿದ್ದರು. ಅಂಗಡಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಹಾಗೇ.

ಗಂಟೆ ನಾಲ್ಕಕ್ಕೆ ಹತ್ತು ನಿಮಿಷವಿತ್ತು. "ಅಣ್ಣನ ಹೆಸರು ಹಾಕಿ ಅತ್ತಿಗೆ, ಈಗಲೇ ಆಗುತ್ತೆ" ಎಂದೆ.

ಅವರು ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಇದು ಕೆಟ್ಟಾಗ ಯಾರನ್ನ ಕೂಗ್ತೀಯ?"

"ನಿಮ್ಮನ್ನೇ."

"ಮತ್ತೆ ಅವರ ಹೆಸರು ಯಾಕೆ? ಕೂಗಿದ್ರೆ ಬರ್ತಾರಾ?"

"ಹೋಗ್ಲಿ, ನನ್ನದು ಹಾಕಿ."

"ನಿನಗೆ ಇದನ್ನ ಆರಿಸೋಕೂ ಬರಲ್ಲ."

ಗ್ರೀಸು ಗೋಡೆಯ ಕಡೆ ತಿರುಗಿ ಕೆಮ್ಮಿದ. 'ಉಪ್ಪು ಕೊಡು' ಎನ್ನುವಷ್ಟೇ ಮೆಲ್ಲಗೆ ಅತ್ತಿಗೆ ಹೇಳಿದರು. "ಒಂದೂವರೆ ವರ್ಷದಿಂದ ನನ್ನ ಹೆಡ್‌ಫೋನ್ ಸಂಜೆ ಆದ್ರೆ ಡ್ರಾಯರಿಗೇ ಹೋಗ್ತಿದೆ ಕಣಪ್ಪ. ಮೊಳೆ ಇಲ್ಲದ್ದು ಗುಜರಿ ಅಂತ ಹೇಳಿದ್ದು ನೀನೇ ಅಲ್ವಾ?"

ನಾನು ಕುರ್ಚಿ ಎಳೆದು ಅವರ ಪಕ್ಕ ಕೂತೆ.

ನಿಯಮ ಬದಲಿಸಲು ನನ್ನ ಪಾಸ್‌ವರ್ಡೇ ಬೇಕು. ಕನ್ನಡಕದ ಡಬ್ಬಿಯೊಳಗಿನ ಚೀಟಿ ತೆಗೆದು ಒಂದು ಬೆರಳಿನಲ್ಲಿ ಒತ್ತಿದೆ. ಎರಡು ಸಲ ತಪ್ಪಿತು.

"ಮೆತ್ತಗೆ. ನೀನೇನು ಕಲ್ಲು ಕುಟ್ತಿಲ್ಲ" ಎಂದರು.

ಪಟ್ಟಿಗೆ ನಾಲ್ಕನೆಯ ಹೆಸರು ಸೇರಿಸಿದೆ. ಅತ್ತಿಗೆ ಗುಂಡಿ ಒತ್ತಿದರು. ಮತ್ತೆ ಕೆಂಪು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಒಂದು ಬೆರಳೆತ್ತಿದರು. "ಬದಲಾವಣೆ ಹಿಡಿಯೋಕೆ ಅರ್ಧ ಗಂಟೆ ಆಗಬಹುದು ಅಂತ ಬರೆದಿದೆ. ಕಾಯಿ."

ನನಗೆ ಕಾಯಲು ಬರುವುದಿಲ್ಲ. ಸುತ್ತಿಗೆ ಹುಡುಕಿ, ಹಲಗೆಯಲ್ಲಿ ಅಣ್ಣನ ಮೊಳೆಯ ಪಕ್ಕದಲ್ಲೇ ಹೊಸ ಮೊಳೆ ಹೊಡೆದು, ಬಣ್ಣದಲ್ಲಿ ಹೆಸರು ಬರೆದೆ. ಅಣ್ಣನ ಹಳೆಯ ಸ್ಪ್ಯಾನರ್ ಅಲ್ಲೇ ತೂಗುತ್ತಿತ್ತು.

"ಮೊಳೆ ಸೊಟ್ಟಗಿದೆ" ಎಂದ ಗ್ರೀಸು.

"ನಿನ್ನ ಮುಖದಷ್ಟಿಲ್ಲ."

ನಾಲ್ಕೂ ಇಪ್ಪತ್ತೆಂಟಕ್ಕೆ ಅತ್ತಿಗೆ ಮತ್ತೆ ಒತ್ತಿದರು. ಕೆಂಪು ಬರಲಿಲ್ಲ. ಹಸಿರು ಗುರುತು ಬಂತು. ಆಮೇಲೆ ಅವರ ಬೆರಳು ಓಡಿದ್ದನ್ನು ನಾನು ಸುಮ್ಮನೆ ನೋಡುತ್ತ ನಿಂತೆ. ಒಂದೊಂದೇ ಲಿಫ್ಟನ್ನು ಹಳೆಯದರಿಂದ ಬಿಡಿಸಿ ಹೊಸದಕ್ಕೆ ಕಟ್ಟುತ್ತ, ತುಟಿಯಲ್ಲೇ ಎಣಿಸುತ್ತಿದ್ದರು. ಅರವತ್ತೆರಡು ಎಂದು ನಿಲ್ಲಿಸಿದಾಗ ಐದಕ್ಕೆ ಒಂಬತ್ತು ನಿಮಿಷ. ಗುಂಡಿ ಒತ್ತಿ ನೋಡಲು ಗ್ರೀಸು ಎದುರಿನ ಕಟ್ಟಡದ ಲಿಫ್ಟಿಗೆ ಓಡಿದ.

ಮೇಜಿನ ಮೇಲಿನ ಗಂಟೆ ಹೊಡೆಯಿತು. ಅತ್ತಿಗೆ ಹೆಡ್‌ಫೋನ್ ಹಾಕಿಕೊಂಡು, ನನಗೂ ಕೇಳಲೆಂದು ಸ್ಪೀಕರ್ ಹಚ್ಚಿದರು.

"ಗಾಬರಿ ಆಗಬೇಡಿ. ಯಾರು ಸಿಕ್ಕಿಕೊಂಡಿದ್ದೀರಿ?"

"ನಾನೇ ಅತ್ತಿಗೆ. ಚಿಕ್ಕೋರ ಕೂಗಾಟ ಮುಗೀತಾ? ಇಲ್ಲಾಂದ್ರೆ ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಸಿಕ್ಕಿಕೊಂಡಿರ್ತೀನಿ."

ಐದು ಹೊಡೆಯಿತು. ಹಳೆಯ ಸರ್ವರ್ ಯಾವಾಗ ನಿಂತಿತೋ ಯಾರಿಗೂ ತಿಳಿಯಲಿಲ್ಲ. ನಾನು ಮತ್ತೆ ಪಟ್ಟಿ ತೆರೆದು ಅದರ ಮುಂದೆ ಕೂತೆ.

"ಅತ್ತಿಗೆ, ಅಣ್ಣನ ಹೆಸರು ಏನು ಮಾಡಲಿ?"

ಅವರು ಗೋಡೆಯ ಕಡೆ ನೋಡಿದರು. "ಪಟ್ಟಿಯಿಂದ ತೆಗಿ" ಎಂದರು. "ಮೊಳೆ ಇರಲಿ."

ತೆಗೆದೆ. ಅತ್ತಿಗೆ ಎದ್ದು ಹೋಗಿ ಹೆಡ್‌ಫೋನನ್ನು ಹೊಸ ಮೊಳೆಗೆ ನೇತುಹಾಕಿದರು. ಅದು ವಾಲಿಕೊಂಡು ಸ್ಪ್ಯಾನರಿಗೆ ತಾಗಿ ನಿಂತಿತು. ಗ್ರೀಸು ಹೇಳಿದ್ದು ಸರಿ, ಮೊಳೆ ಸೊಟ್ಟಗೇ ಇತ್ತು. ಕಿತ್ತು ನೆಟ್ಟಗೆ ಹೊಡೆಯುತ್ತೇನೆಂದು ಸುತ್ತಿಗೆ ಎತ್ತಿಕೊಂಡೆ.

"ಓಡ್ತಿರೋದನ್ನ ಮುಟ್ಟಬೇಡ" ಎಂದರು ಅತ್ತಿಗೆ.