ಮುರಿದವರಿಗೆ ಮೊದಲ ಸರದಿ

ಬೋರ್ಗ್‌ಹಿಲ್ಡ್ ನಲವತ್ತು ವರ್ಷ ಊರ ಮಕ್ಕಳಿಗೆಲ್ಲ ಈಜು ಕಲಿಸಿ ನಿವೃತ್ತಳಾದವಳು. ಎಡ ಸೊಂಟದ ಕೀಲು ಸವೆದು ಕೂತೇಳುವುದೇ ಕಷ್ಟವಾಗಿತ್ತು. ಹದಿನಾಲ್ಕು ತಿಂಗಳು ಕಾಯಿಸಿದ ಮೇಲೆ ಆಸ್ಪತ್ರೆಯವರು ಹೊಸ ಕೀಲು ಹಾಕಲು ಮಾರ್ಚ್ ಹದಿನೇಳು ಎಂದು ದಿನ ಕೊಟ್ಟರು. ಹನ್ನೆರಡಕ್ಕೆ ಕೊರೊನಾ ಬಂದು ನಾರ್ವೆ ದೇಶಕ್ಕೇ ಬೀಗ ಬಿತ್ತು.

ಮರುದಿನ ಶಸ್ತ್ರವೈದ್ಯ ಹೌಕೋಸ್ ತಾವೇ ಫೋನ್ ಮಾಡಿದರು. ವಾರಕ್ಕೆ ಒಂಬತ್ತು ಸೊಂಟ ರಿಪೇರಿ ಮಾಡುತ್ತಿದ್ದ ಮನುಷ್ಯನಿಗೆ ಈಗ ಕಾದು ಕೂತವರಿಗೆಲ್ಲ ಇಲ್ಲ ಎನ್ನುವುದಷ್ಟೇ ಕೆಲಸ. ಹಾಸಿಗೆಗಳನ್ನೆಲ್ಲ ಕೊರೊನಾದವರಿಗೆಂದು ಖಾಲಿ ಇಟ್ಟಿದ್ದೇವೆ, ಸದ್ಯ ಬಂದವರು ಇಬ್ಬರೇ ಎಂದು ಅವರೇ ಸಂಕೋಚದಿಂದ ಹೇಳಿದರು.

“ಸೊಂಟ ಮುರ್ಕೊಂಡು ಬಂದವ್ರನ್ನ ಏನ್ ಮಾಡ್ತೀರಿ?” ಎಂದಳು ಬೋರ್ಗ್‌ಹಿಲ್ಡ್.

“ಅವ್ರಿಗೆ ಅವತ್ತೇ ಮಾಡ್ತೀವಿ. ಮುರಿದಿದ್ದು ಕಾಯಲ್ಲ ನೋಡಿ.”

“ಸವೆದಿದ್ದು ಕಾಯುತ್ತಾ?”

ವೈದ್ಯರು ಮುಂದಿನ ವಾರ ಮತ್ತೆ ಫೋನ್ ಮಾಡುತ್ತೇನೆ ಎಂದರು.

ಪಕ್ಕದ ಮನೆಯ ಟೊರ್ಮೂದ್ ಹಿಂದೆ ಹಡಗಿನಲ್ಲಿ ಮೆಕ್ಯಾನಿಕ್ ಆಗಿದ್ದವನು. ಬೇಲಿಯ ಆಚೆ ಈಚೆ ಎರಡು ಮೀಟರ್ ದೂರ ಕೂತು ಕಾಫಿ ಕುಡಿಯುವಾಗ ಆಕೆ ಅವನ ಮುಂದೆ ಗೋಳು ತೋಡಿಕೊಂಡಳು. ನನ್ನ ದೋಣಿ ಇಳಿಸುವ ಕಲ್ಲಿನ ಮೇಲೆ ಪಾಚಿ ಕಟ್ಟಿದೆ, ಅಲ್ಲೊಮ್ಮೆ ಓಡಾಡಿಬಿಡು, ಸಂಜೆಯೊಳಗೆ ಹೊಸ ಸೊಂಟ ಗ್ಯಾರಂಟಿ ಎಂದು ಅವನು ತಮಾಷೆ ಮಾಡಿದ. ಅವನೇನೋ ನಕ್ಕು ಮರೆತ. ಇನ್ನೆರಡು ವಾರ ಹಲ್ಲು ಕಚ್ಚಿ ನೋವು ತಿಂದ ಬೋರ್ಗ್‌ಹಿಲ್ಡ್‌ಗೆ ಮಾತ್ರ ಆ ಮಾತು ದಿನದಿನಕ್ಕೂ ಬುದ್ಧಿವಂತಿಕೆಯದಾಗಿ ಕಾಣತೊಡಗಿತು.

ಏಪ್ರಿಲ್‌ನ ಒಂದು ಬೆಳಿಗ್ಗೆ, ಕಡಲ ನೀರು ಇಳಿದಿದ್ದ ಹೊತ್ತಿನಲ್ಲಿ, ಆಕೆ ಎರಡು ಕೋಲೂರಿ ಆ ಕಲ್ಲಿನ ಮೇಲೆ ಹೋಗಿ ನಿಂತೇಬಿಟ್ಟಳು. ಆಂಬುಲೆನ್ಸ್ ಕರೆಯಲೊಬ್ಬರು ಬೇಕಲ್ಲ ಎಂದು ಟೊರ್ಮೂದ್‌ನನ್ನೂ ಕರೆಸಿದ್ದಳು. ಅವನು ಬೇಡವೆಂದು ಬಡಕೊಂಡ. ಆಕೆಯೋ ಕಣ್ಣು ಮುಚ್ಚಿ ಬೀಳಲು ನೋಡಿದಳು, ಆಗಲಿಲ್ಲ. ಜನ್ಮವಿಡೀ ಒದ್ದೆ ನೆಲದ ಮೇಲೆ ನಡೆದ ಪಾದಗಳು ಉಡದಂತೆ ಕಲ್ಲು ಕಚ್ಚಿಕೊಂಡಿದ್ದವು. ಆಮೇಲೆ ಕಣ್ಣು ಬಿಟ್ಟು ಕೆಳಗಿನ ಕಪ್ಪು ನೀರು ನೋಡಿದ್ದೇ ಬೀಳುವ ಹುಚ್ಚು ಇಳಿದುಹೋಯಿತು.

“ಸಾಕು ಕಣೋ, ತಪ್ಪಾಯ್ತು. ಕೈ ಕೊಡು.”

“ಕೈ ಹೆಂಗ್ ಕೊಡ್ಲಿ ಮಾರಾಯ್ತಿ, ಎರಡು ಮೀಟರ್ ಅಂದಿದ್ದಾರಲ್ಲ.”

ಕಾನೂನು ಮುರಿಯದ ಟೊರ್ಮೂದ್ ದೋಣಿಯ ಹುಟ್ಟು ಚಾಚಿದ. ಆಕೆ ಕೋಲು ಬಿಸಾಡಿ ಅದನ್ನು ಹಿಡಿದು ಬಲವಾಗಿ ಎಳೆದುಕೊಂಡಳು. ಆಕೆ ದಡ ಸೇರಿದಳು; ಟೊರ್ಮೂದ್ ಪಾಚಿಯ ಮೇಲೆ ಸರ್ರನೆ ಜಾರಿ, ಸೊಂಟ ಲಟಕ್ ಎನ್ನಿಸಿಕೊಂಡು ಬಿದ್ದ. ಆಂಬುಲೆನ್ಸ್ ಕರೆದವಳು ಬೋರ್ಗ್‌ಹಿಲ್ಡೇ.

ನಾಲ್ಕೇ ಗಂಟೆಯಲ್ಲಿ ಅವನಿಗೆ ಹೊಸ ಕೀಲು ಬಿತ್ತು. ಕೆಲಸವಿಲ್ಲದೆ ಕೂತಿದ್ದ ಆಪರೇಷನ್ ಕೋಣೆಯವರೆಲ್ಲ ಮದುವೆ ಗಂಡನ್ನು ಎದುರುಗೊಳ್ಳುವಂತೆ ಎದುರುಗೊಂಡರಂತೆ. ಆರು ವಾರಕ್ಕೆ ಕೋಲೂ ಇಲ್ಲದೆ ಬೇಲಿಯುದ್ದಕ್ಕೂ ಅಡ್ಡಾಡತೊಡಗಿದ. ಅವನನ್ನು ಕಂಡಾಗಲೆಲ್ಲ ಬೋರ್ಗ್‌ಹಿಲ್ಡ್‌ಗೆ ತಾನೇ ಕೆಡವಿದೆನೆಂಬ ಸಂಕಟ ಒಂದು ಕಡೆ, ಹೊಟ್ಟೆಕಿಚ್ಚು ಇನ್ನೊಂದು ಕಡೆ. ತಡೆಯಲಾರದೆ ಹೌಕೋಸ್ ಮುಂದಿನ ಸಲ ಫೋನ್ ಮಾಡಿದಾಗ ಎಲ್ಲವನ್ನೂ ಒಪ್ಪಿಕೊಂಡಳು.

ಆ ಕಡೆಯಿಂದ ವೈದ್ಯರು ಕೆಮ್ಮಿದ್ದು ಕೇಳಿಸಿತು. ಸಿಟ್ಟೋ ನಗುವೋ ಗೊತ್ತಾಗಲಿಲ್ಲ.

“ಜೂನ್ ಎರಡಕ್ಕೆ ಮತ್ತೆ ಶುರು ಮಾಡ್ತೀವಿ. ಪಟ್ಟೀಲಿ ನೀವೇ ಮೊದಲು,” ಎಂದರು. “ಅಲ್ಲೀತನಕ ದಯವಿಟ್ಟು ಕುರ್ಚಿ ಬಿಟ್ಟು ಏಳಬೇಡಿ.”

ಆಪರೇಷನ್ ಸಲೀಸಾಗಿ ಆಯಿತು. ಮನೆಗೆ ಬಂದ ದಿನ ಬಾಗಿಲಲ್ಲೇ ಟೊರ್ಮೂದ್ ನಿಂತಿದ್ದ, ಈ ವಿದ್ಯೆಯಲ್ಲಿ ಎರಡು ತಿಂಗಳ ಹಿರಿಯ. ಯಾವ ಕಾಲು ಮೊದಲು ಎತ್ತಬೇಕು, ಕೋಲು ಎಲ್ಲಿಡಬೇಕು ಎಂದು ಮೆಟ್ಟಿಲು ಮೆಟ್ಟಿಲಿಗೂ ಪಾಠ ಹೇಳಿದ. ಊರಿಗೇ ಕಾಲಾಡಿಸಲು ಕಲಿಸಿದವಳು ತುಟಿಪಿಟಕ್ಕೆನ್ನದೆ ಅವನು ಹೇಳಿದಂತೆ ಹತ್ತಿದಳು.