ಎಡಗೈ ರುಜು

"ಎಳೀಬೇಡಿ ಅಕ್ಕ, ತಿರುಗಿಸಿ. ಆ ಕೈ ಪೂರ್ತಿ ಬಗ್ಗಲ್ಲ."

ಅಕ್ಕ ಕೈಬಿಟ್ಟಳು. ಸತ್ತ ತಂಗಿಯ ಮೈಗೆ ತೊಡಿಸುತ್ತಿದ್ದ ಬಿಳಿ ಅಂಗಿಯ ಬಲತೋಳು ಮಣಿಕಟ್ಟಿನಲ್ಲೇ ಸಿಕ್ಕಿಕೊಂಡಿತ್ತು. ಅಲ್ಲಿ ಮೂಳೆ ಸೊಟ್ಟಗೆ ಕೂಡಿಕೊಂಡು ಒಂದು ಗಂಟು ಎದ್ದಿತ್ತು. ಜೊತೆಗಾತಿ ತೋಳಿನ ಬಟ್ಟೆಯನ್ನು ಸುರುಳಿ ಸುತ್ತಿ, ಗಂಟಿನ ಮೇಲಿಂದ ಮೆಲ್ಲಗೆ ಜಾರಿಸಿ, ಗುಂಡಿ ಹಾಕಿದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಅವಳೂ ಸತ್ತವಳೂ ಎದುರುಬದುರು ನಿಂತು ಹಾಸಿಗೆ ಬಟ್ಟೆ ಮಡಚಿದವರು. ಅಲ್ಲಿ ಎಲ್ಲರ ಬಾಯಲ್ಲೂ ಸತ್ತವಳ ಹೆಸರು ಇಸ್ತ್ರಿಯಮ್ಮ. ಭಾನುವಾರ ಮನೋರೋಗಿಗಳ ಹೋಮ್‌ನಲ್ಲಿದ್ದ ಮಗನನ್ನು ನೋಡಿಕೊಂಡು ಬಂದು ಮಲಗಿದವಳು ಸೋಮವಾರ ಏಳಲಿಲ್ಲ. ಬೆಳಗಿನ ಪಾಳಿಗೆ ಬರಲಿಲ್ಲವಲ್ಲ ಎಂದು ಹುಡುಕಿಕೊಂಡು ಬಂದವಳು ಈ ಜೊತೆಗಾತಿಯೇ.

ಕೊರಳಿನ ದಾರದಲ್ಲಿ ಒಂದು ಸಣ್ಣ ಶಿಲುಬೆ ಇತ್ತು. ಅದರ ಪಕ್ಕದಲ್ಲೇ ಒಂದು ಬೀಗದ ಕೈ.

"ಇದ್ಯಾವ ಬೀಗದ್ದೇ?" ಅಕ್ಕ ಕೇಳಿದಳು.

"ಅಡುಗೆಮನೇಲಿ ಚಾಕು ಇಡೋ ಖಾನೆದು."

"ಅವನು ಹೋಮ್ ಸೇರಿ ಆರು ವರ್ಷ ಆಯ್ತಲ್ಲ! ಇನ್ನೂ ಬೀಗ ಹಾಕ್ತಿದ್ಲಾ?"

"ಎಲ್ಲಾದ್ರೂ ಮನೆಗೆ ಬಂದ್ರೆ ಅಂತ."

ಅಕ್ಕ ಕೀಲಿಯನ್ನು ಬಿಚ್ಚಲು ಹೋದವಳು ಹಾಗೇ ಬಿಟ್ಟಳು. ಅಂಗಿಯ ಕಾಲರು ಸರಿಮಾಡುತ್ತ, "ಅವನನ್ನ ಇವತ್ತು ಕರೆಸಿದ್ದು ಯಾರು?" ಎಂದಳು.

"ನಾನೇ ಫೋನ್ ಮಾಡಿದೆ."

"ಎಲ್ಲರೆದುರು ಕೂಗಾಡಿಬಿಟ್ರೆ?"

"ಕೂಗಾಡ್ಲಿ. ಅಮ್ಮ ಸತ್ತಾಗ ಮಗ ಕೂಗಾಡದೆ ಇನ್ಯಾರು ಕೂಗಾಡ್ಬೇಕು?"

*

ಮಗನಿಗೆ ಹತ್ತೊಂಬತ್ತು ತುಂಬಿದ ವರ್ಷ ಅದು ಶುರುವಾಗಿತ್ತು. ಗಡಿಯಾರ ರಿಪೇರಿ ಕಲಿಯಲು ಹೋಗುತ್ತಿದ್ದವನು ಒಂದು ಮಧ್ಯಾಹ್ನ ಅರ್ಧಕ್ಕೇ ಮನೆಗೆ ಬಂದು, ಅಂಗಡಿಯ ಗೋಡೆ ತನ್ನನ್ನು ಬೈಯುತ್ತಿದೆ ಎಂದ. ಅಷ್ಟು ಹೊತ್ತಿಗಾಗಲೇ ಗಂಡ ಮನೆ ಬಿಟ್ಟು ಹೋಗಿ ನಾಲ್ಕು ವರ್ಷವಾಗಿತ್ತು. ಡಾಕ್ಟರು ಗುಳಿಗೆ ಕೊಟ್ಟರು. ಗುಳಿಗೆ ನುಂಗಿದ ತಿಂಗಳು ಮಗ ಮರದ ಕೊರಡಿನಂತೆ ಬಿದ್ದಿರುತ್ತಿದ್ದ. ಉಗುಳಿದ ತಿಂಗಳು ಮನೆಯ ಸಾಮಾನು ಒಂದೂ ಉಳಿಯುತ್ತಿರಲಿಲ್ಲ. ಮನೆಯಲ್ಲಿಟ್ಟುಕೊಳ್ಳಬೇಕೋ, ಎಲ್ಲಾದರೂ ಸೇರಿಸಬೇಕೋ? ಇಸ್ತ್ರಿಯಮ್ಮನಿಗೆ ಅದು ಬಾಯಲ್ಲಿಟ್ಟ ಬಿಸಿತುಪ್ಪ.

ಆಗಿದ್ದ ಹಳೆಯ ಪಾಸ್ಟರು ಹೇಳಿದ್ದರು: "ದಾರಿ ಕಾಣದಿದ್ದಾಗ ಜ್ಞಾನ ಕೇಳಮ್ಮ. ಕೇಳಿದವರಿಗೆ ದೇವರು ಇಲ್ಲ ಅನ್ನಲ್ಲ. ಆದ್ರೆ ಕೇಳುವಾಗ ಮನಸ್ಸಲ್ಲಿ ಅನುಮಾನ ಇರಬಾರದು."

ಅಂದಿನಿಂದ ಮಧ್ಯಾಹ್ನದ ಬಿಡುವಿನಲ್ಲಿ ಅವಳು ದೊಡ್ಡ ಇಸ್ತ್ರಿ ಯಂತ್ರದ ಹಿಂದೆ, ಒಗೆದ ಬಟ್ಟೆಯ ಗುಡ್ಡೆಗಳ ನಡುವೆ ಮೊಣಕಾಲೂರುತ್ತಿದ್ದಳು. ಮಗನ ಕಾಯಿಲೆ ವಾಸಿ ಮಾಡು ಎಂದು ಕೇಳಿಕೊಂಡದ್ದು ಮೊದಲ ಎರಡು ವರ್ಷ ಮಾತ್ರ. ಆಮೇಲೆ ಒಂದೇ ಮಾತು: ನಾನೇನು ಮಾಡಬೇಕು ಹೇಳು, ಅಷ್ಟು ಬುದ್ಧಿ ಕೊಡು.

"ಕೊಟ್ನಾ?" ಜೊತೆಗಾತಿ ಡಬ್ಬಿ ಬಿಚ್ಚುತ್ತ ಕೇಳುವಳು.

"ಇನ್ನೂ ಇಲ್ಲ. ನಾನು ಕೇಳೋ ರೀತೀಲಿ ಏನೋ ತಪ್ಪಿದೆ ಕಣೆ. ಎಲ್ಲೋ ಮೂಲೇಲಿ ಅನುಮಾನ ಉಳ್ಕೊಂಡಿದೆ."

"ಅನುಮಾನಕ್ಕೂ ಇಸ್ತ್ರಿ ಹೊಡೆದುಬಿಡು."

"ಮನುಷ್ಯರ ಸುಕ್ಕು ಇಸ್ತ್ರಿಗೆ ಹೋಗೋ ಹಾಗಿದ್ದಿದ್ರೆ ಪಾಸ್ಟರಿಗೆ ಕೆಲಸಾನೇ ಇರ್ತಿರ್ಲಿಲ್ಲ ಬಿಡು," ಎಂದು ಇಸ್ತ್ರಿಯಮ್ಮ ನಗುತ್ತಿದ್ದಳು. ಒಂದು ದಿನ ಮಾತ್ರ ನಗಲಿಲ್ಲ. ಬ್ರೆಡ್ಡಿನ ತುಂಡನ್ನು ಕೈಯಲ್ಲೇ ಹಿಡಿದುಕೊಂಡು, "ಅವನಿಗೆ ಕೇಳಬಾರದ್ದೆಲ್ಲ ಕೇಳಿಸತ್ತೆ. ನಂಗೆ ಕೇಳಬೇಕಾದ್ದು ಒಂದೂ ಕೇಳಿಸಲ್ಲ," ಎಂದಳು.

ಹೀಗೆ ಹನ್ನೊಂದು ವರ್ಷ ಕಳೆಯಿತು.

*

ಚರ್ಚಿನಲ್ಲಿ ಮೂವತ್ತು ಜನವೂ ಇರಲಿಲ್ಲ. ಲಾಂಡ್ರಿಯವರು ಪಾಳಿ ಬದಲಿಸಿಕೊಂಡು, ಕೆಲಸದ ನೀಲಿ ಬಟ್ಟೆಯಲ್ಲೇ ಬಂದು ಹಿಂದಿನ ಬೆಂಚುಗಳಲ್ಲಿ ಕೂತಿದ್ದರು. ಎರಡನೆಯ ಹಾಡಿನ ನಡುವೆ ಬಾಗಿಲು ತೆರೆಯಿತು. ಹೋಮ್‌ನ ಅಟೆಂಡರ್ ಮಗನ ತೋಳು ಹಿಡಿದು ಒಳಗೆ ಕರೆತಂದ. ಮೂವತ್ತಾರರ ಆಳು, ಊದಿದ ಮುಖ. ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡಿದ್ದ. ಅಕ್ಕ ತಿರುಗಿ ನೋಡಿ ತಟ್ಟನೆ ಮುಖ ಮುಂದೆ ಮಾಡಿಕೊಂಡಳು.

ಈಗಿನ ಪಾಸ್ಟರು ಚಿಕ್ಕವರು, ಬಂದು ಎಂಟು ತಿಂಗಳಾಗಿತ್ತು. "ನಮ್ಮ ಈ ಸಹೋದರಿ ಕಷ್ಟದಲ್ಲಿ ದೇವರ ಹತ್ತಿರ ಹೋದರು," ಎಂದರು. "ಹಣ ಕೇಳಲಿಲ್ಲ, ಸುಖ ಕೇಳಲಿಲ್ಲ. ಜ್ಞಾನ ಕೇಳಿದರು. ದೇವರು ಕೊಟ್ಟನು."

ಹಿಂದಿನ ಬೆಂಚಿನಲ್ಲಿ ಜೊತೆಗಾತಿಯ ಕೊರಳಿನಿಂದ ಒಂದು ಸದ್ದು ಹೊರಟಿತು. ಪಕ್ಕದವಳು ಅದನ್ನು ಅಳು ಎಂದುಕೊಂಡು ಅವಳ ಬೆನ್ನು ಸವರಿದಳು.

ಕೊನೆಯ ಸಲ ಮುಖ ನೋಡಲು ಎಲ್ಲರೂ ಸಾಲಾಗಿ ಬಂದರು. ಮಗ ಪೆಟ್ಟಿಗೆಯ ಹತ್ತಿರ ಬಂದು ತುಂಬ ಹೊತ್ತು ನಿಂತ.

"ಇದು ಅಮ್ಮ ಅಲ್ಲ," ಎಂದ ಕೊನೆಗೆ, ಬಹಳ ಶಾಂತವಾಗಿ. "ಅಮ್ಮ ಭಾನುವಾರ ಬರ್ತಾಳೆ. ಇವತ್ತು ಬುಧವಾರ."

*

ಆರು ವರ್ಷದ ಹಿಂದೆ ಒಂದು ವಾರ ಇಸ್ತ್ರಿಯಮ್ಮ ದೇವರೊಂದಿಗೆ ಒಂದು ಒಪ್ಪಂದ ಮಾಡಿಕೊಂಡಿದ್ದಳು. ಏಳು ದಿನ ಮಗ ನೆಮ್ಮದಿಯಾಗಿದ್ದರೆ, ಮನೆಯಲ್ಲೇ ಇಟ್ಟುಕೋ ಎಂಬುದೇ ಉತ್ತರ. ಐದು ದಿನ ಅವನು ಬಟ್ಟಲು ತೊಳೆದಿಟ್ಟ. ಕಿಟಕಿಯ ಬಳಿ ಕೂತು ಹಳೆಯ ಕೈಗಡಿಯಾರವೊಂದನ್ನು ಬಿಚ್ಚಿ ಜೋಡಿಸಿದ. ಅವಳು ಲಾಂಡ್ರಿಯಲ್ಲಿ ಯಾರಿಗೂ ಹೇಳದೆ ಬೆರಳು ಮಡಚಿ ಎಣಿಸುತ್ತಿದ್ದಳು. ಆರನೆಯ ದಿನ ಬೆಳಿಗ್ಗೆ ಗುಳಿಗೆ ಕೊಡಲು ಹೋದಾಗ ಅವನು ಅವಳ ಕೈಯನ್ನು ಬಾಗಿಲ ಸಂದಿಗೆ ಸೇರಿಸಿ ಬಾಗಿಲು ದೂಡಿದ. ಒಂದಲ್ಲ, ಮೂರು ಸಲ.

ಆಸ್ಪತ್ರೆಗೆ ಓಡಿ ಬಂದ ಅಕ್ಕ ಆ ಕೈ ನೋಡಿ ಕೂಗಿಕೊಂಡಳು. "ಇದಕ್ಕಿಂತ ಇನ್ನೇನು ಉತ್ತರ ಬೇಕೇ ನಿಂಗೆ? ಮುಂದಿನ ಸಲ ಕುತ್ತಿಗೇನೇ ಸಿಗತ್ತೆ ಅವನಿಗೆ!"

"ದೇವರು ಹೀಗೆ ಮಾತಾಡ್ತಾನಾ ಅಕ್ಕ?"

"ನಂಗೊತ್ತಿಲ್ಲ. ನಿನ್ನ ಹೆಣ ಹೊರೋಕೆ ನನ್ ಕೈಲಾಗಲ್ಲ, ಅಷ್ಟು ಗೊತ್ತು."

ಅರ್ಜಿ ತಂದವಳು ಅಕ್ಕ. ಹೋಮ್‌ನ ಆಫೀಸಿನಲ್ಲಿ, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ತಂಗಿಯ ಎಡಗೈಗೆ ಪೆನ್ನು ಕೊಟ್ಟವಳೂ ಅವಳೇ. ಅಕ್ಷರಗಳು ಕುಡಿದವರ ಹಾಗೆ ಒಂದರ ಮೇಲೊಂದು ಬಿದ್ದವು. ಗುಮಾಸ್ತ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ನಿಮ್ಮ ರುಜುನೇನಾ?" ಎಂದ.

"ಗೊತ್ತಿಲ್ಲ," ಎಂದಳು ಇಸ್ತ್ರಿಯಮ್ಮ.

"ಅವಳದೇ, ಅವಳದೇ," ಎಂದು ಅಕ್ಕ ಕಾಗದವನ್ನು ಅವನತ್ತ ತಳ್ಳಿದಳು.

ಪ್ಲಾಸ್ಟರ್ ತೆಗೆದ ಮೇಲೆ ಅವಳು ಮತ್ತೆ ಯಂತ್ರದ ಹಿಂದೆ ಮೊಣಕಾಲೂರಿದಳು. "ಸಹಿ ಹಾಕಿ ಆಯ್ತಲ್ಲ, ಇನ್ನೇನು ಕೇಳ್ತಿ?" ಎಂದಳು ಜೊತೆಗಾತಿ.

"ಮಾಡಿದ್ದು ಸರಿನಾ ಅಂತ."

ಇನ್ನೂ ಆರು ವರ್ಷ ಅದನ್ನೇ ಕೇಳಿದಳು. ಭಾನುವಾರ ಆರಾಧನೆ ಮುಗಿದ ತಕ್ಷಣ ಎರಡು ಬಸ್ಸು ಬದಲಿಸಿ ಹೋಗುವಳು. ಮಗ ಒಂದೇ ಮಾತು ಕೇಳುವನು, ಮನೆಗೆ ಯಾವಾಗ ಅಂತ. ಅವಳು ಕಿತ್ತಲೆ ಸುಲಿದುಕೊಡುತ್ತ ಬೇರೆ ಏನಾದರೂ ಮಾತು ತೆಗೆಯುವಳು.

*

ಮಣ್ಣು ಮುಚ್ಚಿ ಆಯಿತು. ಜನ ಒಬ್ಬೊಬ್ಬರಾಗಿ ಕರಗಿದರು. ಲಾಂಡ್ರಿಯವರಿಗೆ ಮಧ್ಯಾಹ್ನದ ಪಾಳಿ ಇತ್ತು. ಪಾಸ್ಟರು ಶೂಗೆ ಮೆತ್ತಿದ ಕೆಸರನ್ನು ಕಲ್ಲಿಗೆ ಉಜ್ಜುತ್ತಿದ್ದಾಗ ಜೊತೆಗಾತಿ ಎದುರು ಬಂದು ನಿಂತಳು.

"ದೇವರು ಕೊಟ್ಟನು ಅಂದ್ರಲ್ಲ ಪಾಸ್ಟರ್, ಯಾವಾಗ? ನಾನು ಪಕ್ಕದಲ್ಲೇ ಇದ್ದೆ. ಹದಿನೇಳು ವರ್ಷ ಕೇಳಿದ್ಲು. ಯಾವತ್ತು ಕೊಟ್ಟ, ನಂಗೂ ಹೇಳಿ."

ಪಾಸ್ಟರು ಕಾಲು ಕೆಳಗಿಳಿಸಿದರು. "ನಂಗೆ ಗೊತ್ತಿಲ್ಲ ಅಮ್ಮ. ಅಲ್ಲಿ ನಿಂತ್ಕೊಂಡು ಗೊತ್ತಿಲ್ಲ ಅನ್ನೋಕೆ ಧೈರ್ಯ ಬರ್ಲಿಲ್ಲ."

ಅವಳಿಗೆ ಬೈಯಬೇಕೆನಿಸಿತ್ತು. ಆ ಮುಖ ನೋಡಿದ ಮೇಲೆ ಬೈಗುಳವೂ ಬರಲಿಲ್ಲ.

"ಹೋಗ್ಲಿ ಬಿಡಿ. ಈ ಭಾನುವಾರ ಅವನ ಹತ್ರ ಯಾರು ಹೋಗ್ತಾರೆ?"

"ನನ್ನ ಮುಖ ಕಂಡ್ರೆ ಅವನಿಗಾಗಲ್ಲ," ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ. "ಸೇರಿಸಿದವಳು ನಾನು ಅಂತ ಅವನಿಗೆ ಗೊತ್ತು."

"ಸಭೆಯಿಂದ ಯಾರನ್ನಾದ್ರೂ ಕೇಳಿ ನೋಡ್ತೀನಿ," ಎಂದ ಪಾಸ್ಟರು ಸುತ್ತ ಕಣ್ಣಾಡಿಸಿದರು. ಗುದ್ದಲಿ ತೊಳೆಯುತ್ತಿದ್ದವನನ್ನು ಬಿಟ್ಟರೆ ಅಲ್ಲಿ ಯಾರೂ ಉಳಿದಿರಲಿಲ್ಲ. ಜೊತೆಗಾತಿ ತನ್ನ ಮಂಡಿನೋವನ್ನು, ಭಾನುವಾರದ ಪಾಳಿಯನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಾನು ಹೋಗ್ತೀನಿ ಎಂಬ ಮಾತು ನಾಲಿಗೆಯವರೆಗೂ ಬಂದು ನಿಂತಿತು.

ಗೇಟಿನ ಹೊರಗೆ ಅಟೆಂಡರ್ ವ್ಯಾನಿನ ಹಾರನ್ ಒತ್ತಿದ. ನಾಲ್ಕು ಗಂಟೆಯ ಗುಳಿಗೆ ಕೊಡಬೇಕಿತ್ತು. ಮಗ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದ. ಜೊತೆಗಾತಿ ಹತ್ತಿರ ಬಂದಾಗ ಕಿಟಕಿಯ ಗಾಜು ಇಳಿಸಿ, ಗುರುತು ಸಿಕ್ಕವನಂತೆ ನೋಡಿದ.

"ನೀವು ಅಮ್ಮನ ಜೊತೆ ಕೆಲಸ ಮಾಡೋರಲ್ವಾ?"

"ಹೂಂ ಮರಿ."

"ಅಮ್ಮಂಗೆ ಹೇಳಿ, ಭಾನುವಾರ ಬರುವಾಗ ಸಾಕ್ಸ್ ತರ್ಲಿ. ಹೋದ ಸಲದ್ದು ಚಿಕ್ಕದಾಯ್ತು. ಹೇಳ್ತೀರಾ?"

ಅವಳು ಬಾಗಿಲ ಹಿಡಿಯನ್ನು ಹಿಡಿದುಕೊಂಡಳು. "ಹೇಳ್ತೀನಿ," ಎಂದಳು.

ವ್ಯಾನು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಅವನು ಏನೋ ನೆನಪಾದವನಂತೆ ಸೀಟಿನಲ್ಲಿ ಹಿಂದಕ್ಕೆ ತಿರುಗಿದ. ಹಿಂಬದಿಯ ಗಾಜಿನಲ್ಲಿ ಎರಡೂ ಅಂಗೈಗಳನ್ನು ಎದುರುಬದುರು ಎತ್ತಿ ಹಿಡಿದು, ನಡುವೆ ತನ್ನ ಪಾದದಷ್ಟು ಜಾಗ ಬಿಟ್ಟು ಅಳತೆ ತೋರಿಸಿದ. ರಸ್ತೆ ತಿರುಗುವವರೆಗೂ ಆ ಕೈಗಳನ್ನು ಅವನು ಒಂದಿಷ್ಟೂ ಅಲುಗಿಸಲಿಲ್ಲ.